ದೈವ ಮತ್ತು ಪೌರುಷ: ಹಿಟ್ಟಿನ ಕೋಳಿ ಕೇಳುವ ಪ್ರಶ್ನೆ

‘ಕರ್ಮ’ ಎಂಬ ಶಬ್ದವು ನಮ್ಮ ಶ್ರಾವಕ ಕುಟುಂಬಗಳಲ್ಲಿ ದಿನಕ್ಕೆ ಹತ್ತಾರು ಬಾರಿ ಕೇಳಿಬರುವಂಥದು. ವ್ಯಾಪಾರದಲ್ಲಿ ನಷ್ಟವಾದರೆ ಕರ್ಮ. ಮಗಳ ಸಂಸಾರ ಮುರಿದರೆ ಕರ್ಮ. ಎಳೆಯ ಕೂಸಿಗೆ ವಾಸಿಯಾಗದ ಬೇನೆ ಬಂದರೆ ಅದೂ ಕರ್ಮ. ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಗಳ ಅಂಗಡಿ ಸಾಲುಗಳಲ್ಲಾಗಲಿ, ಹರಿಹರದ ಹೊಳೆದಂಡೆಯ ಮನೆಗಳಲ್ಲಾಗಲಿ, ‘ಅವರು ಪಡೆದುಕೊಂಡು ಬಂದದ್ದು, ನಾವೇನು ಮಾಡಲಾದೀತು’ ಎಂಬ ಮಾತು ಸಲೀಸಾಗಿ ಹೊರಡುತ್ತದೆ. ಇತರರು ‘ಹಣೆಬರಹ’ ಎನ್ನುವ ಕಡೆ ನಾವು ‘ಕರ್ಮ’ ಎನ್ನುತ್ತೇವೆ. ಶಬ್ದ ಬೇರೆಯಾದರೂ ಆಶಯ ಒಂದೇ ಆಗಿಬಿಟ್ಟಿದೆ. ಆತ್ಮನು ತನ್ನ ಸುಖದುಃಖಗಳಿಗೆ ತಾನೇ ಕರ್ತೃವೆಂದು ಸಾರಿದ ಧರ್ಮದಲ್ಲಿ ಜನಿಸಿದ ನಮಗೆ ಇದು ಶೋಭಿಸುವುದೇ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಈ ಪ್ರಶ್ನೆ ಹಿರಿಯರದು ಮಾತ್ರವಲ್ಲ. ಕಾಲೇಜು ಓದುತ್ತಿರುವ ನಮ್ಮ ತರುಣರಲ್ಲಿ ಹಲವರು ಇಂದು ಮೊಬೈಲಿನಲ್ಲಿ ‘ಮಾಂಗಾ’ ಎಂದು ಕರೆಯಲ್ಪಡುವ ಜಪಾನಿನ ಚಿತ್ರಕಥೆಗಳನ್ನು ಓದುತ್ತಾರೆ. ಇವುಗಳಲ್ಲಿ ವಿಧಿ ಮತ್ತು ಸ್ವಾತಂತ್ರ್ಯಗಳ ಪ್ರಶ್ನೆಯನ್ನೇ ಬೆನ್ನೆಲುಬಾಗಿ ಮಾಡಿಕೊಂಡ ‘ಬರ್ಸರ್ಕ್’ ಎಂಬುದು ಜಗತ್ಪ್ರಸಿದ್ಧವಾದುದು. ಕರಾಳವೂ ಅದ್ಭುತವೂ ಆದ ಈ ಕಥೆಯನ್ನು ಓದಿದ ಮಗನೋ ಮೊಮ್ಮಗಳೋ ‘ಎಲ್ಲವೂ ಮೊದಲೇ ನಿಶ್ಚಯವಾಗಿದ್ದರೆ ಮನುಷ್ಯನ ತಪ್ಪೇನು?’ ಎಂದು ಕೇಳಿದರೆ, ‘ಅಂಥ ಪುಸ್ತಕ ಓದಬೇಡ’ ಎಂಬುದು ಉತ್ತರವಾಗಲಾರದು. ಅದೇ ಪ್ರಶ್ನೆಯನ್ನು ನಮ್ಮ ಆಚಾರ್ಯರೂ ಕವಿಗಳೂ ಬಹು ಹಿಂದೆಯೇ ಎತ್ತಿಕೊಂಡು ಉತ್ತರಿಸಿದ್ದಾರೆ.

ಜಪಾನಿನ ಕಥೆ

ಕೆಂಟಾರೊ ಮಿಯುರಾ ಎಂಬ ಚಿತ್ರಕಾರರು 1989ರಲ್ಲಿ ಈ ಕಥೆಯನ್ನು ಧಾರಾವಾಹಿಯಾಗಿ ಆರಂಭಿಸಿದರು. ಮೂರು ದಶಕಗಳಿಗೂ ಮೇಲ್ಪಟ್ಟು ಅದರಲ್ಲಿಯೇ ತೊಡಗಿದ್ದ ಅವರು 2021ರಲ್ಲಿ, ಕಥೆ ಮುಗಿಯುವ ಮೊದಲೇ ತೀರಿಕೊಂಡರು. 2022ರಿಂದ ಅವರ ಗೆಳೆಯ ಕೌಜಿ ಮೋರಿಯವರ ಮೇಲ್ವಿಚಾರಣೆಯಲ್ಲಿ ಅವರ ಶಿಷ್ಯರು ಅದನ್ನು ಮುಂದುವರಿಸಿದ್ದಾರೆ. ಕಥೆಯಲ್ಲಿ ಹಿಂಸೆಯೂ ಬೀಭತ್ಸವೂ ವಿಪರೀತವಾಗಿವೆ. ಎಳೆಯರ ಕೈಗೆ ಕೊಡತಕ್ಕದ್ದಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳಿತು.

ಗಲ್ಲಿಗೇರಿದ ತಾಯಿಯ ಶವದಿಂದ ಹುಟ್ಟಿಬಿದ್ದ ಗಟ್ಸ್ ಎಂಬವನು ಕಥಾನಾಯಕ. ಅವನು ಗ್ರಿಫಿತ್ ಎಂಬ ಮಹತ್ವಾಕಾಂಕ್ಷಿಯ ದಂಡಿನಲ್ಲಿ ಸೇರಿ ಅವನ ಆಪ್ತನಾಗುತ್ತಾನೆ. ರಾಜ್ಯವೊಂದನ್ನು ಪಡೆಯಬೇಕೆಂಬ ಗ್ರಿಫಿತ್‌ನ ಕನಸು ಕೈಗೂಡುವ ಹೊತ್ತಿನಲ್ಲಿ ಅವನು ಸೆರೆಗೆ ಬಿದ್ದು, ಒಂದು ವರ್ಷ ಚಿತ್ರಹಿಂಸೆಗೆ ಗುರಿಯಾಗಿ, ಎದ್ದು ನಿಲ್ಲಲಾರದಂತಾಗುತ್ತಾನೆ. ಅವನ ದಂಡಿನವರು ಪ್ರಾಣವನ್ನು ಪಣವಿಟ್ಟು ಅವನನ್ನು ಬಿಡಿಸಿಕೊಂಡು ಬರುತ್ತಾರೆ. ಆಗ ಗ್ರಹಣ ಕವಿದು, ದೈತ್ಯಶಕ್ತಿಗಳು ಪ್ರತ್ಯಕ್ಷವಾಗಿ, ‘ಇದೆಲ್ಲವೂ ಹೇತು-ಫಲಗಳ ಸರಪಳಿಯಿಂದ ನಿಶ್ಚಿತವಾದದ್ದು, ನಿನ್ನವರನ್ನು ಬಲಿಕೊಟ್ಟರೆ ನಿನಗೆ ರೆಕ್ಕೆ ಬರುವುವು’ ಎಂಬ ಭಾವದ ಮಾತನ್ನಾಡುತ್ತವೆ. ಜಪಾನೀ ಭಾಷೆಯಲ್ಲಿ ಈ ಸರಪಳಿಗೆ ‘ಇಂಗಾ’ ಎಂಬ ಶಬ್ದವಿದೆ. ಅದು ಬೌದ್ಧ ಪರಂಪರೆಯ ಶಬ್ದ, ‘ಕಾರಣ ಮತ್ತು ಫಲ’ ಎಂದು ಅದರ ಅರ್ಥ. ಗ್ರಿಫಿತ್ ಒಪ್ಪುತ್ತಾನೆ. ತನ್ನನ್ನು ನಂಬಿ ಬಂದವರನ್ನೆಲ್ಲ ಬಲಿಗೊಪ್ಪಿಸುತ್ತಾನೆ. ಗಟ್ಸ್ ಹಾಗೂ ಇನ್ನೊಬ್ಬಳು ಮೈಮೇಲೆ ಬಲಿಯ ಮುದ್ರೆ ಹೊತ್ತು ಆ ಬಲಿಯಿಂದ ಬದುಕಿ ಉಳಿಯುತ್ತಾರೆ.

ಇಲ್ಲಿ ವಿಚಾರಶೀಲರು ಗಮನಿಸಬೇಕಾದ ಅಂಶವೊಂದಿದೆ. ಎಲ್ಲವೂ ಮೊದಲೇ ನಿಶ್ಚಿತವೆಂದು ಘೋಷಿಸುವ ಆ ಶಕ್ತಿಗಳು ಗ್ರಿಫಿತ್‌ನ ಬಾಯಿಂದ ಒಪ್ಪಿಗೆಯ ಮಾತು ಹೊರಡುವವರೆಗೆ ಕಾಯುತ್ತವೆ. ಅವನ ದೈನ್ಯ, ಅವನ ಕನಸು, ಆ ಗ್ರಹಣ, ಎಲ್ಲವನ್ನೂ ಅಣಿಗೊಳಿಸಲು ವಿಧಿಗೆ ಸಾಧ್ಯವಾಯಿತು. ‘ಕೊಟ್ಟೆನು’ ಎಂಬ ಒಂದು ಮಾತನ್ನು ಮಾತ್ರ ಅವನೇ ಆಡಬೇಕಾಯಿತು. ಹಾಗಾದರೆ ಆ ಒಂದು ಮಾತಿನ ಮಟ್ಟಿಗಾದರೂ ಅವನು ಸ್ವತಂತ್ರನಾಗಿದ್ದನೇ? ನಮ್ಮ ಪ್ರಶ್ನೆಯ ತಿರುಳು ಇರುವುದು ಇಲ್ಲಿ.

ಜನ್ನ ಕವಿಯ ಕಥೆ

ಬಲಿ, ದುರ್ದೇವತೆ, ಒಪ್ಪಿಗೆ, ಅದರ ಘೋರ ಫಲ: ಇವೆಲ್ಲವನ್ನೂ ಒಳಗೊಂಡ ಕರಾಳ ಕಾವ್ಯವೊಂದು ಕನ್ನಡದಲ್ಲಿ ಎಂಟು ನೂರು ವರ್ಷಗಳ ಹಿಂದೆಯೇ ಹುಟ್ಟಿದೆ. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಆಸ್ಥಾನದಲ್ಲಿ ಕವಿಚಕ್ರವರ್ತಿ ಎನಿಸಿದ್ದ ಜನ್ನನು 1209ರಲ್ಲಿ ‘ಯಶೋಧರ ಚರಿತೆ’ಯನ್ನು ನಾಲ್ಕು ಅವತಾರಗಳಲ್ಲಿ ರಚಿಸಿದನು. ಹರಿಹರದಲ್ಲಿ ನಾವು ನಿತ್ಯ ನೋಡುವ ಹರಿಹರೇಶ್ವರ ದೇವಾಲಯವು ಬಲ್ಲಾಳನ ಮಗ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನಿಂದ 1224ರಲ್ಲಿ ನಿರ್ಮಿತವಾಯಿತು. ಈ ಕಾವ್ಯವೂ ಆ ಕಲ್ಲುಕಟ್ಟಡವೂ ಹದಿನೈದು ವರ್ಷಗಳ ಅಂತರದಲ್ಲಿ ಒಂದೇ ರಾಜ್ಯದಲ್ಲಿ ಮೈದಳೆದವು. ಕಥಾವಸ್ತು ಜನ್ನನದಲ್ಲ, ಹತ್ತನೆಯ ಶತಮಾನದ ಸೋಮದೇವ ಸೂರಿಗಳೂ ಆಮೇಲೆ ವಾದಿರಾಜರೂ ಸಂಸ್ಕೃತದಲ್ಲಿ ಇದನ್ನು ಹೇಳಿದ್ದರು. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕಕ್ಕೂ ಇದೇ ಮೂಲ.

ಕಥೆ ನಮ್ಮವರಿಗೆಲ್ಲ ತಿಳಿದದ್ದೇ ಆದರೂ, ವಿಧಿ-ಸಂಕಲ್ಪಗಳ ದೃಷ್ಟಿಯಿಂದ ಮತ್ತೊಮ್ಮೆ ನೋಡೋಣ. ಉಜ್ಜಯಿನಿಯ ಅರಸ ಯಶೋಧರನ ರಾಣಿ ಅಮೃತಮತಿ, ಇರುಳಿನಲ್ಲಿ ತೇಲಿಬಂದ ಹಾಡಿಗೆ ಮನಸೋತು, ಕುರೂಪಿಯಾದ ಮಾವಟಿಗನಲ್ಲಿ ಅನುರಕ್ತಳಾಗುತ್ತಾಳೆ. ಅರಸನು ಅದನ್ನು ಕಣ್ಣಾರೆ ಕಂಡು ಕತ್ತಿಯೆತ್ತುತ್ತಾನೆ, ಆದರೆ ಹೊಡೆಯುವುದಿಲ್ಲ. ಕ್ರೋಧವು ಪೂರ್ಣವಾಗಿ ಉದಯಕ್ಕೆ ಬಂದ ಆ ಕ್ಷಣದಲ್ಲಿಯೇ ಅವನು ತಡೆದು ನಿಲ್ಲುತ್ತಾನೆ. ನಿಲ್ಲಲು ಸಾಧ್ಯವಿತ್ತು ಎಂಬುದಕ್ಕೆ ಇದು ಕವಿ ನಮಗೆ ಕೊಡುವ ಮೊದಲ ಸಾಕ್ಷ್ಯ.

ಮರುದಿನ ತಾಯಿ ಚಂದ್ರಮತಿಯ ಮುಂದೆ ತಾನು ಕಂಡದ್ದನ್ನು ಕೆಟ್ಟ ಕನಸೆಂದು ಮರೆಮಾಡಿ ಹೇಳುತ್ತಾನೆ. ಕನಸಿನ ಅರಿಷ್ಟವನ್ನು ಕಳೆಯಲು ದೇವಿಗೆ ಬಲಿ ಕೊಡು ಎನ್ನುತ್ತಾಳೆ ತಾಯಿ. ಜೀವವಧೆಗೆ ಅವನ ಮನಸ್ಸು ಒಪ್ಪದು. ಆಗ ತಾಯಿ ನಡುದಾರಿಯೊಂದನ್ನು ಸೂಚಿಸುತ್ತಾಳೆ: ಜೀವವಿರುವ ಕೋಳಿ ಬೇಡ, ಹಿಟ್ಟಿನ ಕೋಳಿಯಾದರೆ ಸಾಕು. ತಾಯಿಯ ಮಾತನ್ನು ಮೀರಲಾರದೆ ಅರಸನು ಒಪ್ಪುತ್ತಾನೆ. ಕತ್ತಿ ತಾಗಿದಾಗ ಆ ಹಿಟ್ಟಿನ ಕೋಳಿ ಜೀವವಿದ್ದಂತೆ ಕೂಗುತ್ತದೆ. ಅರಸನಿಗೆ ಪಶ್ಚಾತ್ತಾಪವಾಗಿ ರಾಜ್ಯವನ್ನು ತೊರೆಯಲು ನಿಶ್ಚಯಿಸುವಷ್ಟರಲ್ಲಿ, ಅಮೃತಮತಿ ತಾಯಿ-ಮಗ ಇಬ್ಬರಿಗೂ ವಿಷವಿಕ್ಕುತ್ತಾಳೆ. ಮುಂದೆ ಅವರಿಬ್ಬರೂ ನವಿಲು, ನಾಯಿ, ಹಾವು, ಮೀನು, ಮೊಸಳೆ, ಆಡು, ಕೋಣ, ಕೋಳಿಗಳಾಗಿ ಹುಟ್ಟುತ್ತ, ಕೊಲ್ಲುತ್ತ, ಕೊಲ್ಲಿಸಿಕೊಳ್ಳುತ್ತ ತೊಳಲುತ್ತಾರೆ.

ಇಂದಿನ ತರುಣರಿಗೆ ಇದು ಅನ್ಯಾಯವೆಂದು ತೋರುವುದು ಸಹಜ. ಗ್ರಿಫಿತ್ ನೂರಾರು ಗೆಳೆಯರನ್ನು ಬಲಿಕೊಟ್ಟು ರೆಕ್ಕೆ ಪಡೆದನು. ಯಶೋಧರನು ಅಂಗೈಯಗಲದ ಹಿಟ್ಟನ್ನು ಕತ್ತರಿಸಿ ತಿರ್ಯಗ್ಗತಿಗೆ ಇಳಿದನು. ಇದೆಂಥ ಲೆಕ್ಕ? ಲೆಕ್ಕ ಹಿಟ್ಟಿನದಲ್ಲ, ಸಂಕಲ್ಪದ್ದು. ಕತ್ತಿ ಎತ್ತಿದಾಗ ಅವನ ಮನಸ್ಸಿನಲ್ಲಿ ‘ಕೋಳಿಯನ್ನು ಕೊಲ್ಲುತ್ತೇನೆ’ ಎಂಬ ಭಾವವಿತ್ತು. ಇಲ್ಲದಿದ್ದರೆ ಅದು ಬಲಿಯೇ ಆಗುತ್ತಿರಲಿಲ್ಲ, ತಾಯಿಗೆ ಸಮಾಧಾನವೂ ಆಗುತ್ತಿರಲಿಲ್ಲ. ಗಾಳಿಮಾತಿಗೆ ಮೋಸಹೋದ ಮೂಢನಲ್ಲ ಅವನು. ತಿಳಿದವನು, ಹಿಂದಿನ ರಾತ್ರಿಯಷ್ಟೇ ಕತ್ತಿಯನ್ನು ತಡೆಹಿಡಿದವನು. ತಡೆಯಬಲ್ಲವನು ತಡೆಯದೆ ಅರ್ಧ ಒಪ್ಪಿಗೆ ಕೊಟ್ಟನು. ವಿಧಿಗೆ ಆ ಅರ್ಧವೇ ಸಾಕಾಯಿತು.

ನಿಯತಿವಾದಕ್ಕೆ ಉತ್ತರ

ಎಲ್ಲವೂ ನಿಶ್ಚಿತ, ಪುರುಷಪ್ರಯತ್ನವೆಂಬುದು ಇಲ್ಲ ಎಂಬ ವಾದವು ಭಗವಾನ್ ಮಹಾವೀರರ ಕಾಲದಲ್ಲಿಯೇ ಇತ್ತು. ಮಂಖಲಿ ಗೋಶಾಲನ ಆಜೀವಿಕ ಮತ ಅದನ್ನೇ ಬೋಧಿಸುತ್ತಿತ್ತು. ಶ್ವೇತಾಂಬರ ಆಗಮವಾದ ‘ಉಪಾಸಕದಶಾ’ದಲ್ಲಿ ಆ ಮತದ ಅನುಯಾಯಿಯಾಗಿದ್ದ ಸದ್ದಾಲಪುತ್ತ ಎಂಬ ಕುಂಬಾರನ ಪ್ರಸಂಗವಿದೆ. ಅವನು ಮಡಕೆಗಳನ್ನು ಬಿಸಿಲಿಗೆ ಇಟ್ಟಿದ್ದಾಗ ಮಹಾವೀರರು, ‘ಇವು ಪ್ರಯತ್ನದಿಂದ ಆದವೋ, ಪ್ರಯತ್ನವಿಲ್ಲದೆ ಆದವೋ’ ಎಂದು ವಿಚಾರಿಸುತ್ತಾರೆ. ತನ್ನ ಮತಕ್ಕೆ ತಕ್ಕಂತೆ ಕುಂಬಾರನು, ಪ್ರಯತ್ನವಿಲ್ಲದೆ, ಎಲ್ಲವೂ ನಿಯತವಾದದ್ದು ಎಂದು ಉತ್ತರಿಸುತ್ತಾನೆ. ಹಾಗಾದರೆ ಯಾರಾದರೂ ನಿನ್ನ ಮಡಕೆಗಳನ್ನು ಕದ್ದರೆ, ಒಡೆದರೆ, ನಿನ್ನ ಪತ್ನಿಯೊಡನೆ ದುರ್ವರ್ತನೆ ಮಾಡಿದರೆ ಏನು ಮಾಡುವೆ ಎಂದು ಕೇಳಿದಾಗ, ಬಯ್ಯುವೆ, ಹೊಡೆಯುವೆ ಎನ್ನುತ್ತಾನೆ. ಎಲ್ಲವೂ ನಿಯತವಾದರೆ ಕಳ್ಳನ ಮೇಲೆ ಕೋಪವೇಕೆ? ಕುಂಬಾರನ ಕಣ್ಣು ತೆರೆಯುತ್ತದೆ.

ಈ ಪ್ರಸಂಗವನ್ನು ನಮ್ಮ ಮೇಲೆಯೇ ಪ್ರಯೋಗಿಸಿ ನೋಡಬಹುದು. ಉದ್ರಿ ತೆಗೆದುಕೊಂಡವನು ಹಣ ಕೊಡದೆ ಹೋದಾಗ ‘ಅವನ ಕರ್ಮ, ನನ್ನ ಕರ್ಮ’ ಎಂದು ನಾವು ಸುಮ್ಮನಾಗುವುದಿಲ್ಲ. ವಕೀಲರ ಬಳಿ ಹೋಗುತ್ತೇವೆ. ಅದೇ ಅಂಗಡಿಯ ಹಮಾಲನ ಕಾಲು ಮುರಿದಾಗ ಮಾತ್ರ ಕರ್ಮಸಿದ್ಧಾಂತ ನೆನಪಾಗುತ್ತದೆ. ನಷ್ಟ ನಮ್ಮದಾದರೆ ಪೌರುಷ, ಇನ್ನೊಬ್ಬರದಾದರೆ ದೈವ. ಸದ್ದಾಲಪುತ್ತನ ಅಸಂಗತಿಯೂ ಇದೇ ಆಗಿತ್ತು.

ದಿಗಂಬರ ಪರಂಪರೆಯಲ್ಲಿ ಈ ವಿಷಯವನ್ನು ತರ್ಕದ ಒರೆಗಲ್ಲಿಗೆ ಹಚ್ಚಿದವರು ಸಮಂತಭದ್ರಾಚಾರ್ಯರು. ‘ಆಪ್ತಮೀಮಾಂಸೆ’ಯ ಎಂಟನೆಯ ಪರಿಚ್ಛೇದವನ್ನು ಅವರು ದೈವ-ಪೌರುಷಗಳಿಗೇ ಮೀಸಲಿಟ್ಟಿದ್ದಾರೆ. ಅವರ ವಾದದ ಸಾರ ಹೀಗಿದೆ: ಎಲ್ಲವೂ ದೈವದಿಂದಲೇ ಎಂದರೆ, ಆ ದೈವವಾದರೂ ಎಲ್ಲಿಂದ ಬಂತು? ನಾವು ದೈವವೆನ್ನುವುದು ಹಿಂದೆ ನಾವೇ ಮಾಡಿದ ಪೌರುಷದ ಫಲವಲ್ಲವೇ? ದೈವದಿಂದಲೇ ದೈವ ಹುಟ್ಟುವುದಾದರೆ ಮೋಕ್ಷವೆಂಬುದೇ ಇಲ್ಲವಾಗಿ ಪ್ರಯತ್ನವೆಲ್ಲ ವ್ಯರ್ಥವಾಗುತ್ತದೆ. ಇನ್ನು ಎಲ್ಲವೂ ಪೌರುಷದಿಂದಲೇ ಎಂದರೆ, ಪ್ರಯತ್ನಪಟ್ಟವರೆಲ್ಲರೂ ಸಫಲರಾಗಬೇಕಿತ್ತು. ಲೋಕದಲ್ಲಿ ಹಾಗೆ ಕಾಣುವುದಿಲ್ಲ. ಆದ್ದರಿಂದ ಒಂದನ್ನೇ ಹಿಡಿಯುವ ಏಕಾಂತ ಎರಡೂ ಕಡೆ ದೋಷಯುಕ್ತ. ನಮ್ಮ ಬುದ್ಧಿಪೂರ್ವಕ ಯೋಚನೆಯಿಲ್ಲದೆ ತಾನಾಗಿ ಒದಗಿದ ಇಷ್ಟಾನಿಷ್ಟಗಳಲ್ಲಿ ದೈವ ಪ್ರಧಾನ. ಯೋಚಿಸಿ ಮಾಡಿದ್ದರಲ್ಲಿ ಪೌರುಷ ಪ್ರಧಾನ.

ಈ ವಿಭಜನೆ ಎಷ್ಟು ಉಪಯುಕ್ತವೆಂಬುದನ್ನು ನಮ್ಮ ಊರುಗಳ ಚರಿತ್ರೆಯಿಂದಲೇ ತಿಳಿಯಬಹುದು. ಒಂದು ಕಾಲಕ್ಕೆ ದಾವಣಗೆರೆಯು ಹತ್ತಿ ಗಿರಣಿಗಳಿಂದ ಹೆಸರಾಗಿತ್ತು. ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಯಂತ್ರ ಕಾರ್ಖಾನೆ ಸಾವಿರಾರು ಮನೆಗಳ ಒಲೆ ಉರಿಸಿತ್ತು. ಗಿರಣಿಗಳು ಒಂದೊಂದಾಗಿ ನಿಂತವು, ಕಾರ್ಖಾನೆಯೂ ಬಾಗಿಲು ಮುಚ್ಚಿತು. ಮಗ್ಗದ ಮುಂದೆ, ಲೇತ್ ಯಂತ್ರದ ಮುಂದೆ ನಿಂತಿದ್ದ ಕಾರ್ಮಿಕನು ಅದನ್ನು ಯೋಚಿಸಿ ತಂದುಕೊಂಡವನಲ್ಲ. ಅವನ ಪಾಲಿಗೆ ಅದು ದೈವದ ಕಡೆಯ ಸಂಗತಿ. ಆದರೆ ಕೆಲಸ ಹೋದ ಮರುದಿನ ಅವನು ಹೆಂಡದಂಗಡಿಗೆ ಹೋದನೋ, ಚಿಕ್ಕದೊಂದು ವರ್ಕ್‌ಶಾಪ್ ಹಾಕಿದನೋ ಎಂಬುದು ಪೌರುಷದ ಕಡೆಯದು. ಅಷ್ಟೇ ಮುಖ್ಯವಾದ ಇನ್ನೊಂದು ಮಾತು: ಅವನ ನೆರೆಯವರು ಅವನ ಮಕ್ಕಳ ಶಾಲಾ ಶುಲ್ಕಕ್ಕೆ ನೆರವಾದರೋ, ‘ಅವರ ಕರ್ಮ’ ಎಂದು ಮುಖ ತಿರುಗಿಸಿದರೋ ಎಂಬುದು ಅವನ ಕರ್ಮವಲ್ಲ; ನೆರೆಯವರ ಪೌರುಷ, ನೆರೆಯವರ ಬಂಧ.

ಕರ್ಮವು ಕಲ್ಲಿನ ಮೇಲಿನ ಬರಹವಲ್ಲ

ಕರ್ಮವನ್ನು ಹಣೆಬರಹವೆಂದು ತಿಳಿಯುವವರು ಕರ್ಮಶಾಸ್ತ್ರವನ್ನೇ ನೋಡಿದವರಲ್ಲ ಎನ್ನಬೇಕಾಗುತ್ತದೆ. ಶ್ರವಣಬೆಳಗೊಳದಲ್ಲಿ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ‘ಗೊಮ್ಮಟಸಾರ’ದ ಕರ್ಮಕಾಂಡದಲ್ಲಿ ಕರ್ಮದ ಹತ್ತು ಕರಣಗಳನ್ನು ನಿರೂಪಿಸಿದ್ದಾರೆ: ಬಂಧ, ಉತ್ಕರ್ಷಣ, ಸಂಕ್ರಮಣ, ಅಪಕರ್ಷಣ, ಉದೀರಣೆ, ಸತ್ತ್ವ, ಉದಯ, ಉಪಶಮ, ನಿಧತ್ತಿ, ನಿಕಾಚನೆ. ವ್ಯಾಪಾರಸ್ಥರಿಗೆ ಇದು ಕಷ್ಟವಾಗದು. ಸಾಲಪತ್ರಕ್ಕೆ ಸಹಿ ಮಾಡುವುದು ಬಂಧ. ಸಾಲ ಲೆಕ್ಕದಲ್ಲಿ ನಿಂತಿರುವುದು ಸತ್ತ್ವ. ಕಂತಿನ ದಿನ ಬರುವುದು ಉದಯ. ಅವಧಿಯೂ ತೀವ್ರತೆಯೂ ಹೆಚ್ಚಿದರೆ ಉತ್ಕರ್ಷಣ, ಕಡಿಮೆಯಾದರೆ ಅಪಕರ್ಷಣ. ಗಡುವಿಗೆ ಮುಂಚೆಯೇ ತೀರಿಸುವುದು ಉದೀರಣೆ. ಒಂದು ಖಾತೆಯ ಬಾಕಿಯನ್ನು ಅದೇ ಮನೆಯ ಇನ್ನೊಂದು ಖಾತೆಗೆ ವರ್ಗಾಯಿಸುವಂತೆ, ಅಸಾತಾವೇದನೀಯವು ಸಾತಾವೇದನೀಯವಾಗಿ ಮಾರ್ಪಡುವುದು ಸಂಕ್ರಮಣ. ಈ ಹತ್ತರಲ್ಲಿ ಯಾವ ಮಾರ್ಪಾಡಿಗೂ ಎಡೆಗೊಡದ ನಿಕಾಚಿತವು ಒಂದು ಮಾತ್ರ. ಅದೂ ಕೊನೆಯ ಮಾತಲ್ಲ: ‘ಷಟ್ಖಂಡಾಗಮ’ಕ್ಕೆ ಧವಲಾ ಟೀಕೆಯನ್ನು ರಚಿಸಿದ ವೀರಸೇನಾಚಾರ್ಯರು ಜಿನಬಿಂಬ ದರ್ಶನದಿಂದ ನಿಧತ್ತಿ-ನಿಕಾಚಿತ ರೂಪದ ಮಿಥ್ಯಾತ್ವಾದಿ ಕರ್ಮಗಳೂ ಕ್ಷಯವಾಗುವುದನ್ನು ಹೇಳುತ್ತಾರೆ. ಶತಮಾನಗಳ ಕಾಲ ಮೂಡುಬಿದಿರೆಯ ಬಸದಿಯಲ್ಲಿ ತಾಳೆಗರಿಗಳಲ್ಲಿ ನಾವು ಕಾಪಾಡಿಕೊಂಡು ಬಂದದ್ದು ಈ ಸಿದ್ಧಾಂತವನ್ನು.

ಯಶೋಧರನ ಕಥೆಯಲ್ಲಿ ಇದೇ ನಡೆಯುತ್ತದೆ. ಪಶುಜನ್ಮಗಳ ಸರಪಳಿಯಲ್ಲಿ ಆ ಎರಡು ಜೀವಗಳಿಗೆ ಹೆಚ್ಚಿನ ಸ್ವಾತಂತ್ರ್ಯವಿಲ್ಲ. ಹಸಿವು-ಭಯಗಳು ನಡೆಸಿದಂತೆ ನಡೆಯುತ್ತವೆ. ಆದರೆ ಕೋಳಿಗಳಾಗಿದ್ದಾಗ ಮುನಿಗಳ ಧರ್ಮೋಪದೇಶ ಕಿವಿಗೆ ಬಿದ್ದು, ಹಿಂದಿನದು ನೆನಪಾಗಿ, ಅವು ವ್ರತವನ್ನು ಸ್ವೀಕರಿಸುತ್ತವೆ. ಸರಪಳಿ ಅಲ್ಲಿ ಸಡಿಲವಾಗುತ್ತದೆ. ಮುಂದಿನ ಜನ್ಮದಲ್ಲಿ ಅವರು ಅಭಯರುಚಿ-ಅಭಯಮತಿ ಎಂಬ ಅಣ್ಣತಂಗಿಯರು.

ಈ ಎಳೆಯರಿಬ್ಬರನ್ನು ಮಾರಿದತ್ತನೆಂಬ ಅರಸನ ಮುಂದೆ, ಚಂಡಮಾರಿಯ ಗುಡಿಯಲ್ಲಿ, ನರಬಲಿಗಾಗಿ ತಂದು ನಿಲ್ಲಿಸುವಲ್ಲಿಂದ ಕಾವ್ಯ ಆರಂಭವಾಗುತ್ತದೆ. ಗ್ರಿಫಿತ್‌ನ ಗ್ರಹಣದಂತೆಯೇ ಎಲ್ಲವೂ ಅಣಿಯಾಗಿದೆ: ಹಬ್ಬ, ದೇವತೆ, ನೆರೆದ ಜನ, ಅರಸನ ಕೈಯಲ್ಲಿ ಕತ್ತಿ. ಆದರೆ ಮಾರಿದತ್ತನು ಆ ಮಕ್ಕಳ ಮುಖದಲ್ಲಿನ ನಿರ್ಭಯವನ್ನು ಕಂಡು, ‘ನೀವು ಯಾರು?’ ಎಂದು ಕೇಳುತ್ತಾನೆ. ಅವರು ಹೇಳಿದ್ದನ್ನು ಕೊನೆಯವರೆಗೂ ಆಲಿಸುತ್ತಾನೆ. ಕತ್ತಿ ಕೆಳಗಿಳಿಯುತ್ತದೆ. ಕಡೆಗೆ ಆ ಮಾರಿಯೂ ಪ್ರಾಣಿಬಲಿಯನ್ನು ತೊರೆಯುತ್ತಾಳೆ. ಒಬ್ಬನು ಒಪ್ಪಿಗೆ ಕೊಡದೆ ಹೋದರೆ ದೇವತೆಯ ಸ್ವಭಾವವೇ ಬದಲಾಗುವುದೆಂದು ಜನ್ನನ ಕಥೆ ಸಾರುತ್ತದೆ.

ಒಂದು ಆಕ್ಷೇಪ

ಇಲ್ಲಿ ತಿಳಿದವರು ಎತ್ತುವ ಆಕ್ಷೇಪವೊಂದಿದೆ. ಕೇವಲಜ್ಞಾನಿಗೆ ತ್ರಿಕಾಲದ ಸಮಸ್ತ ಪರ್ಯಾಯಗಳೂ ಗೋಚರವಾಗುವುದಾದರೆ, ಭವಿಷ್ಯವೂ ನಿಶ್ಚಿತವೆಂದೇ ಆಯಿತಲ್ಲ? ಮಾರಿದತ್ತನು ಕತ್ತಿ ಇಳಿಸುವನೆಂಬುದೂ ಮೊದಲೇ ತಿಳಿದಿದ್ದರೆ ಅವನ ಹೆಚ್ಚುಗಾರಿಕೆ ಏನು?

ಜ್ಞಾನವು ಜ್ಞೇಯವನ್ನು ತಿಳಿಯುತ್ತದೆಯೇ ಹೊರತು ಉಂಟುಮಾಡುವುದಿಲ್ಲ ಎಂಬುದು ಇದಕ್ಕೆ ಮೊದಲ ಉತ್ತರ. ಕನ್ನಡಿಯಲ್ಲಿ ಮುಖ ಕಾಣುವುದರಿಂದ ಮುಖ ಹಾಗಾಗಲಿಲ್ಲ. ಮುಖ ಹಾಗಿರುವುದರಿಂದ ಕನ್ನಡಿಯಲ್ಲಿ ಕಂಡಿತು. ಎರಡನೆಯದಾಗಿ, ಕೇವಲಿಯು ಕಾಣುವುದು ಬರಿಯ ಫಲವನ್ನಲ್ಲ, ಆ ಫಲಕ್ಕೆ ಕಾರಣವಾದ ಪುರುಷಾರ್ಥ ಸಹಿತವಾದ ಫಲವನ್ನು. ಮಾರಿದತ್ತನ ವಿಚಾರ, ಅವನ ಸಂಕೋಚ, ಅವನ ನಿರ್ಧಾರ, ಎಲ್ಲವೂ ಆ ಜ್ಞಾನದಲ್ಲಿ ಸೇರಿವೆ. ಅವನ್ನು ಕಳೆದು ಫಲವನ್ನು ಮಾತ್ರ ಉಳಿಸಲಾಗದು. ಆದ್ದರಿಂದಲೇ ಸಿದ್ಧಸೇನ ದಿವಾಕರರು ‘ಸನ್ಮತಿ ತರ್ಕ’ದಲ್ಲಿ ಕಾಲ, ಸ್ವಭಾವ, ನಿಯತಿ, ಪೂರ್ವಕೃತ, ಪುರುಷಾರ್ಥ ಎಂಬ ಐದನ್ನೂ ಒಟ್ಟಾಗಿ ಕಾರಣವೆಂದು ಒಪ್ಪಿ, ಯಾವುದೊಂದನ್ನೇ ಕಾರಣವೆನ್ನುವುದನ್ನು ಮಿಥ್ಯಾತ್ವವೆಂದರು. ಇಷ್ಟಾದರೂ ಬುದ್ಧಿಗೆ ಪೂರ್ಣ ಸಮಾಧಾನವಾಗದಿರಬಹುದು. ಆದರೆ ಕೇವಲಜ್ಞಾನ ನಮಗಿಲ್ಲ. ನಾಳೆಯನ್ನು ಅರಿಯದ ಛದ್ಮಸ್ಥನು ಕೇವಲಿಯ ಅರಿವನ್ನು ತನ್ನ ಆಲಸ್ಯಕ್ಕೆ ಗುರಾಣಿ ಮಾಡಿಕೊಳ್ಳುವುದು ನ್ಯಾಯವಲ್ಲ.

ನಮ್ಮ ಹಿಟ್ಟಿನ ಕೋಳಿಗಳು

ದಾವಣಗೆರೆಯ ನಗರದೇವತೆ ಶ್ರೀ ದುರ್ಗಾಂಬಿಕೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಕರ್ನಾಟಕದಲ್ಲಿ 1959ರ ಕಾಯಿದೆಯ ಪ್ರಕಾರ ಪ್ರಾಣಿಬಲಿ ನಿಷಿದ್ಧ. ಜಾತ್ರೆ ಸಮೀಪಿಸಿದಾಗ ಕೋಣದ ಬಲಿಯ ಮಾತು ಊರಿನಲ್ಲಿ ಮತ್ತೆ ಚರ್ಚೆಗೆ ಬರುತ್ತದೆ. ನಮ್ಮವರೂ ಅದರ ಬಗೆಗೆ ಮಾತನಾಡುತ್ತಾರೆ. ಮಾತನಾಡುವುದು ತಪ್ಪಲ್ಲ. ಆದರೆ ಜನ್ನನು ಕಾವ್ಯದ ನಡುವೆ ನಿಲ್ಲಿಸಿರುವುದು ಕೋಣ ಕಡಿಯುವ ಅನ್ಯರನ್ನಲ್ಲ, ಕಡಿಯಬಾರದೆಂದು ಬಲ್ಲ ಅರಸನನ್ನು. ಬಲ್ಲವರ ಅರ್ಧ ಒಪ್ಪಿಗೆಯೇ ಅವನ ವಿಷಯ. ಅದು ನಮ್ಮ ವಿಷಯವೂ ಹೌದು.

‘ತತ್ತ್ವಾರ್ಥಸೂತ್ರ’ದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಆಸ್ರವಕ್ಕೆ ಆಧಾರವಾಗುವ ಜೀವಾಧಿಕರಣವನ್ನು ಎಣಿಸಿದ್ದಾರೆ. ಸಂರಂಭ, ಸಮಾರಂಭ, ಆರಂಭ ಎಂದು ಮೂರು. ಮನ, ವಚನ, ಕಾಯ ಎಂದು ಮೂರು. ಕೃತ, ಕಾರಿತ, ಅನುಮತ ಎಂದು ಮೂರು. ಕ್ರೋಧ, ಮಾನ, ಮಾಯೆ, ಲೋಭ ಎಂದು ನಾಲ್ಕು. ಗುಣಿಸಿದರೆ 108. ಜಪಮಾಲೆಯಲ್ಲಿ 108 ಮಣಿಗಳೇಕೆ ಎಂದು ಮಕ್ಕಳು ಕೇಳಿದರೆ ಹಿರಿಯರು ಹೇಳುವುದು ಇದನ್ನೇ. ಈ 108ರಲ್ಲಿ ‘ವಿಧಿ’ ಎಂಬ ಮಣಿಯಿಲ್ಲ. ‘ಅನುಮತ’ ಎಂಬ ಮಣಿಗಳು ಮೂವತ್ತಾರು ಇವೆ. ತಾನು ಮಾಡದಿದ್ದರೂ, ಮಾಡಿಸದಿದ್ದರೂ, ಒಪ್ಪಿದರೆ ಅಲ್ಲಿಯೇ ಬಂಧ.

‘ನಾನು ಕೊಲ್ಲುವುದಿಲ್ಲ, ಆ ಉದ್ಯಮದಲ್ಲಿ ಹಣ ತೊಡಗಿಸಿದ್ದೇನೆ ಅಷ್ಟೆ’ ಎಂಬುದು ಹಿಟ್ಟಿನ ಕೋಳಿ. ಹುಟ್ಟುಹಬ್ಬಕ್ಕೆ ಮೊಲದ ಆಕಾರದ ಕೇಕು ತಂದು ‘ಕುತ್ತಿಗೆ ಕತ್ತರಿಸು’ ಎಂದು ಮಗುವಿನ ಕೈಗೆ ಚಾಕು ಕೊಡುವುದು ಅಕ್ಷರಶಃ ಹಿಟ್ಟಿನ ಕೋಳಿ. ವರದಕ್ಷಿಣೆ ಬೇಡವೆಂದು ಬಲ್ಲ ತಂದೆ ‘ಮನೆಯ ಹೆಂಗಸರ ಆಸೆ’ ಎಂದು ಸುಮ್ಮನಿರುವುದೂ ಅದೇ. ಯಶೋಧರನಿಗೂ ತಾಯಿಯ ಮಾತೇ ನೆಪವಾಗಿತ್ತು.

ಇದಕ್ಕಿಂತ ಸೂಕ್ಷ್ಮವಾದ ಹಿಟ್ಟಿನ ಕೋಳಿಯೊಂದಿದೆ. ಅದು ಪರರ ದುಃಖಕ್ಕೆ ನಾವು ಕೊಡುವ ‘ಕರ್ಮ’ವೆಂಬ ವಿವರಣೆ. ಮಿಯುರಾ ಅವರ ಚಿತ್ರಕಥೆಯ 83ನೆಯ ಪ್ರಕರಣದಲ್ಲಿ ವಿಧಿಯನ್ನು ನಡೆಸುವ ದುಷ್ಟಶಕ್ತಿಯೊಂದು ಕಾಣಿಸಿಕೊಳ್ಳುತ್ತದೆ. ತಮ್ಮ ನೋವಿಗೆ ಒಂದು ಕಾರಣ ಬೇಕೆಂದು ಹಂಬಲಿಸಿದ ಮನುಷ್ಯರೇ ತನ್ನನ್ನು ಸೃಷ್ಟಿಸಿದರೆಂದು ಅದು ತಿಳಿಸುತ್ತದೆ. ಲೇಖಕರು ಆ ಪ್ರಕರಣವನ್ನು ಪುಸ್ತಕದ ಸಂಪುಟಗಳಲ್ಲಿ ಸೇರಿಸದೆ ಬಿಟ್ಟರು. ಬಿಟ್ಟದ್ದರಲ್ಲಿಯೂ ಒಂದು ಸತ್ಯವಿದೆ. ವಿಧವೆಯ ಮುಂದೆ, ಅಂಗವಿಕಲ ಮಗುವಿನ ತಾಯಿಯ ಮುಂದೆ ‘ಪೂರ್ವಕರ್ಮ’ ಎನ್ನುವವನಿಗೆ ಆ ಜೀವದ ಪೂರ್ವಜನ್ಮ ತಿಳಿದಿರುತ್ತದೆಯೇ? ಅವನಿಗೆ ಅವಧಿಜ್ಞಾನವಿಲ್ಲ. ತನ್ನ ಮನಸ್ಸಿನ ಅಳುಕನ್ನು ಕಳೆಯಲು ಒಂದು ಕಾರಣ ಬೇಕಾಗಿದೆ, ಅಷ್ಟೆ. ಕರ್ಮಸಿದ್ಧಾಂತವು ನನ್ನ ಮುಂದಿನ ಹೆಜ್ಜೆಯನ್ನು ನಾನು ತೂಗುವ ತಕ್ಕಡಿ. ಇನ್ನೊಬ್ಬರ ಕಣ್ಣೀರನ್ನು ತೂಗುವುದಕ್ಕೆ ಅದು ಬಂದಿಲ್ಲ. ಎಲ್ಲವೂ ಅವರವರ ಕರ್ಮವೆಂದು ಸುಮ್ಮನಿರಬೇಕಾಗಿದ್ದರೆ ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಆಚಾರ್ಯರು ವಿಧಿಸುತ್ತಲೇ ಇರಲಿಲ್ಲ. ವೈಯಾವೃತ್ತ್ಯವನ್ನು ತಪಸ್ಸಿನಲ್ಲಿ ಎಣಿಸುತ್ತಿರಲಿಲ್ಲ. ತುಂಗಭದ್ರೆ ಉಕ್ಕಿ ತಗ್ಗಿನ ಮನೆಗಳಿಗೆ ನೀರು ನುಗ್ಗಿದಾಗ ಬಸದಿಯ ಟ್ರಸ್ಟು ಸಮುದಾಯಭವನದ ಬಾಗಿಲು ತೆರೆಯಬೇಕೇ ಎಂಬ ಪ್ರಶ್ನೆ ಬಂದರೆ, ನೆರೆ ದೈವದ್ದು, ಬಾಗಿಲಿನ ಬೀಗದ ಕೈ ನಮ್ಮದು ಎಂಬುದನ್ನು ಟ್ರಸ್ಟಿಗಳು ಮರೆಯಬಾರದು.

ಕೊನೆಯದಾಗಿ ಗಟ್ಸ್‌ನ ವಿಚಾರ. ತರುಣರು ಅವನನ್ನು ಮೆಚ್ಚುವುದು ಅವನು ವಿಧಿಗೆ ತಲೆಬಾಗದೆ ಹೋರಾಡುವನೆಂದು. ಮೆಚ್ಚತಕ್ಕದ್ದೇ. ಆದರೆ ಆ ಕಥೆಯಲ್ಲಿಯೇ ಅವನು ತೊಡುವ ಕವಚವೊಂದಿದೆ. ಅದನ್ನು ತೊಟ್ಟವನಿಗೆ ನೋವು ತಿಳಿಯದು, ಬಲ ಇಮ್ಮಡಿಸುತ್ತದೆ. ಆದರೆ ಕೋಪದ ಆವೇಶದಲ್ಲಿ ತನ್ನವರು-ಪರರು ಎಂಬ ಅರಿವು ಅಳಿದು, ಅವನ ದೇಹವನ್ನೇ ಅದು ಮುರಿಯುತ್ತದೆ. ಕ್ರೋಧಕಷಾಯಕ್ಕೆ ಇದಕ್ಕಿಂತ ತಕ್ಕ ಚಿತ್ರ ಸಿಗಲಾರದು. ಕಷಾಯದಿಂದ ವಿಧಿಯನ್ನು ಎದುರಿಸಿದವನು ಹಳೆಯ ಕರ್ಮವನ್ನು ಕಡಿಯುತ್ತ ಹೊಸದನ್ನು ಕಟ್ಟಿಕೊಳ್ಳುತ್ತಾನೆ. ಜಪಾನಿನ ವೀರನಿಗೆ ಕತ್ತಿ ಎತ್ತುವುದು ಸ್ವಾತಂತ್ರ್ಯ. ಜನ್ನನ ಮಾರಿದತ್ತನಿಗೆ ಎತ್ತಿದ್ದನ್ನು ಇಳಿಸುವುದು. ಎರಡನೆಯದು ಹೇಡಿತನವೆಂದು ತರುಣರಿಗೆ ತೋರದಿರಲಿ. ನೆರೆದ ಪ್ರಜೆಯ ಮುಂದೆ, ಹಬ್ಬದ ನಡುವೆ, ತಾನೇ ಆಜ್ಞಾಪಿಸಿದ ಬಲಿಯನ್ನು ತಾನೇ ನಿಲ್ಲಿಸುವುದಕ್ಕೆ ಬೇಕಾದ ಧೈರ್ಯ ಸಾಮಾನ್ಯದ್ದಲ್ಲ.

ನಮ್ಮ ನಿತ್ಯಕ್ರಿಯೆಗಳೇ ಈ ತತ್ತ್ವಕ್ಕೆ ಸಾಕ್ಷಿಯಾಗಿವೆ. ಕಳೆದುದಕ್ಕೆ ಪ್ರತಿಕ್ರಮಣ, ನಡೆಯುತ್ತಿರುವುದಕ್ಕೆ ಆಲೋಚನೆ, ಬರುವುದಕ್ಕೆ ಪ್ರತ್ಯಾಖ್ಯಾನ. ಎಲ್ಲವೂ ಬರೆದಿಟ್ಟದ್ದಾದರೆ ‘ನಾಳೆ ಇದನ್ನು ಮಾಡೆನು’ ಎಂಬ ಪ್ರತ್ಯಾಖ್ಯಾನಕ್ಕೆ ಅರ್ಥವೇನುಳಿದೀತು? ಸಂಜೆ ಸಾಮಾಯಿಕಕ್ಕೆ ಕುಳಿತಾಗ, ಆ ದಿನ ತಾನಾಗಿ ಬಂದದ್ದೆಷ್ಟು, ತಾನು ಒಪ್ಪಿ ಬರಮಾಡಿಕೊಂಡದ್ದೆಷ್ಟು ಎಂದು ವಿಂಗಡಿಸಿ ನೋಡುವ ಅಭ್ಯಾಸವನ್ನು ಪ್ರತಿ ಮನೆಯವರೂ ಮಾಡಿಕೊಳ್ಳಲಿ. ಮಕ್ಕಳನ್ನೂ ಜೊತೆಗೆ ಕೂರಿಸಿಕೊಂಡು ಯಶೋಧರನ ಕಥೆಯನ್ನು ಹೇಳಲಿ. ‘ಅವರ ಕರ್ಮ’ ಎಂಬ ಮಾತು ನಾಲಿಗೆಯ ತುದಿಗೆ ಬಂದಾಗ ಒಂದು ಕ್ಷಣ ತಡೆದು, ‘ಇಲ್ಲಿ ನಾನು ಮಾಡಬಹುದಾದದ್ದೇನು’ ಎಂದು ಕೇಳಿಕೊಂಡರೆ, ಸಮಂತಭದ್ರರ ತರ್ಕವೂ ಜನ್ನನ ಕಾವ್ಯವೂ ನಮ್ಮ ಮನೆಗಳಲ್ಲಿ ಸಾರ್ಥಕವಾದಂತೆ.